ಮೊದಲ ಸಿಹಿ

೧೪ ಅಕ್ಟೋಬರ್ ೨೦೦೯, ಬುಧವಾರ, ಮಾಗಡಿ

ಎಷ್ಟು ಖುಷಿಯಿಂದ ಮಾಡಿದ್ದೆ ಆ ಪೇಲಿಯೋ ಪಥ್ಯದ ಕೇಕನ್ನು. ನಂದೀಶನಿಗೆ ಈ ವಯಸ್ಸಿಗೇ ಶುಗರ್ ಇದೆಯಲ್ಲ ಅಂತ ಸಕ್ಕರೆ, ಮೈದಾ ಏನೂ ಇಲ್ಲದೆ, ಬಾದಾಮಿ, ಕೊಬ್ಬರಿ, ಮೊಟ್ಟೆ ಹಾಕಿ, ಕುಕ್ಕರಿನಲ್ಲಿ ಮರಳು ಹರಡಿ ಬೇಯಿಸಿದೆ.

ಹೊಸ ಸೊಸೆಯ ಮೊದಲ ಸಿಹಿಯನ್ನು ಅಕ್ಕಪಕ್ಕದ ಮನೆಗಳಿಗೆ ಹಂಚಬೇಕಂತೆ. ಅತ್ತೆ ಚೂರು ಬಾಯಿಗಿಟ್ಟು, "ಈ ಸಪ್ಪೇದ ಹಂಚುದ್ರೆ ಬೀದಿಯೋರು ನಗ್ತಾರೆ ಕಣವ್ವ" ಎಂದು, ಬೇಕರಿಯಿಂದ ಮೈಸೂರುಪಾಕ ತರಿಸಿ ನನ್ನ ಹೆಸರಿನಲ್ಲಿ ಹಂಚಿದರು.

ಅದು ಹೋಗಲಿ. ಎದುರುಮನೆಯ ಭದ್ರಮ್ಮ, "ಏನ್ ಕೈರುಚಿಯಪ್ಪ ನಿನ್ನೆಂಡ್ರುದು" ಅಂದಾಗ ನಂದೀಶ ಮೈಸೂರುಪಾಕದ ಇನ್ನೊಂದು ತುಂಡು ಬಾಯಿಗಿಟ್ಟುಕೊಂಡು, "ಮತ್ತೆ, ಸುಮ್ನೆ ಕಟ್ಕೊಂಡ್ನಾ?" ಎಂದು ನನ್ನತ್ತ ಕಣ್ಣು ಹೊಡೆದ. ನನ್ನ ಕೇಕನ್ನು ಮುಟ್ಟಲೂ ಇಲ್ಲ.

ಈಗ ಪಕ್ಕದಲ್ಲೇ ಮಲಗಿದ್ದಾನೆ, ಉಸಿರಿನ ತುಂಬ ತುಪ್ಪದ ವಾಸನೆ. ಇನ್ನು ಸ್ವಲ್ಪ ಹೊತ್ತಿಗೆ ಬಾಯಾರಿ ಎದ್ದು ನೀರು ಕೇಳುತ್ತಾನೆ. ಆ ಬೇಕರಿಯವನನ್ನೇ ಕೇಳು ಅನ್ನಬೇಕು. ಚೊಂಬನ್ನಂತೂ ತುಂಬಿಸಿಟ್ಟಿದ್ದೇನೆ, ಯಾಕೋ ಗೊತ್ತಿಲ್ಲ.