ವಾಲಿದ ಟ್ಯಾಂಕು

ಯೂಜೀನ್,

ಮನೆ ಬೆಚ್ಚಗಿಡುವ ಗ್ಯಾಸಿನ ಪೈಪು ನಮ್ಮ ಬೀದಿಗೂ ಬಂತು. ಇವತ್ತು ಕಂಪನಿಯ ಹುಡುಗಿ ಹಿತ್ತಿಲಿನ ಸೀಮೆಎಣ್ಣೆ ಟ್ಯಾಂಕು ನೋಡಿ ನಕ್ಕಳು. "ಏನಜ್ಜಾ, ನಿಮ್ ಟ್ಯಾಂಕು ಕುಡಿದೋರ ಥರ ವಾಲಿದೆ! ಈ ಎತ್ತರದ ಕಡೆ ಅಳತೆ ಕೋಲು ಇಳಿಸಿದ್ರೆ ಎಣ್ಣೆ ಯಾವಾಗ್ಲೂ ಕಮ್ಮಿನೇ ತೋರಿಸುತ್ತೆ."

ನಾನು ಕೋಲು ಇಳಿಸುತ್ತಿದ್ದುದು ಆ ಕಡೆಯೇ.

ಒಂಬತ್ತು ವರ್ಷದ ಹಿಂದೆ, ನೀನು ಲಾರಿಯಿಂದ ತುಂಬಿದ ಎಣ್ಣೆ ಕೋಲಿಗೆ ಕಮ್ಮಿ ಬಂತೆಂದು, ಬೀದಿಗೆಲ್ಲ ಕೇಳುವಂತೆ ನಿನ್ನನ್ನು ಎಣ್ಣೆಗಳ್ಳ ಅಂದೆ. ಲಾರಿಯ ಪೈಪು ಸುತ್ತುತ್ತಾ ನೀನು, "ಇನ್ನೊಂದ್ಸಲ ಅಳೆದು ನೋಡೋ, ಮುಂಗೋಪಿ" ಅಂದೆ. ನಾನು ಬಾಗಿಲು ಬಡಿದೆ. ಅಂದಿನಿಂದ ಪೆಟ್ರೋಲ್ ಬಂಕಿನಿಂದ ಎಣ್ಣೆಯನ್ನು ಡಬ್ಬಗಳಲ್ಲಿ ಹೊತ್ತು ತಂದು ಸುರಿದೆ. ನೀನು ಸತ್ತಾಗ ಇಡೀ ಸ್ಟ್ರಬೇನ್ ಊರೇ ನಿನ್ನ ಮನೆಯಲ್ಲಿ ಚಹಾ ಕುಡಿಯುತ್ತಾ ಹೆಣ ಕಾದಿತ್ತು, ನಾನು ಬರಲಿಲ್ಲ.

ಈಗ ಡಬ್ಬ ಹೊರಲು ಮಂಡಿ ಒಪ್ಪುವುದಿಲ್ಲ. ಗ್ಯಾಸಿಗೆ ಸಹಿ ಹಾಕಿದರೆ ಟ್ಯಾಂಕನ್ನು ಕತ್ತರಿಸಿ ಒಯ್ಯುತ್ತಾರೆ. ನೀನು ಕದಿಯಲಿಲ್ಲ ಎನ್ನುವುದಕ್ಕೆ ಇರುವ ಸಾಕ್ಷಿ ಅದೊಂದೇ. ಹಾಕದಿದ್ದರೆ ಎಣ್ಣೆ ತಾರೋ ಎಂದು ಈಗ ನಿನ್ನ ಲಾರಿ ಓಡಿಸುವ ನಿನ್ನ ಮಗ ಫಿಂಟನ್‌ನನ್ನೇ ಕರೆಯಬೇಕು. ಬಂದವನು ಮೊದಲು ನೋಡುವುದೇ ಟ್ಯಾಂಕನ್ನು.

ನಾಳೆ ಆ ಹುಡುಗಿ ಕಾಗದಕ್ಕೆ ಬರುತ್ತಾಳೆ. ಟ್ಯಾಂಕು ಖಾಲಿ, ಮನೆ ಕೊರೆಯುತ್ತಿದೆ; ಬೆಳಗಿನಿಂದ ಕೋಟು ಬಿಚ್ಚಿಲ್ಲ. ಸಹಿಗೆಂದು ಎತ್ತಿಕೊಂಡ ಪೆನ್ನಿನಲ್ಲಿ ನಿನಗೆ ಬರೆಯುತ್ತಾ ಕೂತಿದ್ದೇನೆ.

ಕೊಲ್ಮ್