ಸದ್ದಿಲ್ಲದ ಬಂದೂಕು

ಫೆಬ್ರುವರಿ ೬, ಗುರುವಾರ. ಕೆಂಭಾವಿ

ಹೆಂಡತಿಯ ತಮ್ಮ ಕಾಂತೇಶ ಎದ್ದು ಹೋಗಿ ಬಹಳ ಹೊತ್ತಾಯಿತು, ನನ್ನ ಸಿಟ್ಟು ಇನ್ನೂ ಹೋಗಿಲ್ಲ. ಬೆಳೆ ಕಾಯಲೆಂದು ಅಪ್ಪನ ಕಾಲದಿಂದ ಲೈಸೆನ್ಸ್ ಇರುವ ನಮ್ಮ ಬಂದೂಕಿಗೆ ಸದ್ದಡಗಿಸುವ ಸೈಲೆನ್ಸರ್ ಆರಿಸಿಕೊಡಲು ಬಂದಿದ್ದ.

"ಉದ್ದದ್ದು ಬೇಕೋ, ಗಿಡ್ಡದ್ದು ಸಾಕೋ ಮಾವಾ? ನಿಮ್ಮ ಜರೂರತ್ತಿಗಿ ತಕ್ಕಂಗ ನೋಡ್ರಿ," ಎಂದು ಮೊಬೈಲ್ ಮುಂದೆ ಹಿಡಿದ, ಸೀರೆ ಅಂಗಡಿಯವನ ಹಾಗೆ.

ನನ್ನ ಜರೂರತ್ತೇ ಸದ್ದು. ಗಾಳಿಗೆ ಒಂದು ಗುಂಡು ಹಾರಿಸಿದರೆ ಶೇಂಗಾ ಹೊಲದಿಂದ ಹಂದಿಯ ದಂಡು ಓಡುತ್ತದೆ. ಸದ್ದಿಲ್ಲದ ಗುಂಡು ಬೇಕಾದದ್ದು ಕದ್ದು ತಿನ್ನುವವರಿಗೆ.

"ಕೆರಿ ಕಡಿ ಜಿಂಕಿ ಬರಾಕತ್ತಾವಂತ," ಎಂದು ಕೊನೆಗೆ ಬಾಯಿಬಿಟ್ಟ.

ಜಿಂಕೆ ಅವನ ಹೊಟ್ಟೆಗೆ, ಜೈಲು ನನ್ನ ಪಾಲಿಗೆ. "ಎದ್ದು ನಡೀಲೇ," ಎಂದೆ.

ಹೆಂಡತಿ ಪರಿಮಳಾ ತಮ್ಮನ ಪರ ವಹಿಸಲಿಲ್ಲ. ಬಂದೂಕಿನ ಕಪಾಟಿನ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು.

"ಅವಗೂ ಕೊಡಂಗಿಲ್ಲ, ಇಷ್ಟು ಸಿಟ್ಟಿನ್ಯಾಗಿರೋ ನಿಮಗೂ ಕೊಡಂಗಿಲ್ಲ."

ಈಗ ಹೊಲದ ಕಡೆ ನಾಯಿ ಬೊಗಳುತ್ತಿದೆ. ಹಂದಿ ಬಂದಿರಬೇಕು. ಇವತ್ತು ಡಬ್ಬಿ ಬಡಿದುಕೊಂಡೇ ಹೋಗಬೇಕು, ಕೀಲಿ ಕೇಳುವ ಧೈರ್ಯವಂತೂ...