ಲಾಡುವಿನ ಜೊತೆ ಹೇಳುತ್ತಿದ್ದ ಸಂಬಳ

ಭದ್ರಾವತಿ
ಆಯುಧಪೂಜೆಯ ಸಂಜೆ

ಪಳನಿ,

ನೀನು ಹೊಸೂರಿಗೆ ಹೋಗಿ ಆರು ವರ್ಷವಾಯಿತು. ವಿಳಾಸ ನನ್ನ ಬಳಿ ಇದೆ, ಆದರೂ ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ.

ನಮ್ಮ ಫೌಂಡ್ರಿಯನ್ನು ಶಿವಮೊಗ್ಗದ ಸಾಹುಕಾರರು ಹೋದ ವರ್ಷ ಪುಣೆಯ ಕಂಪನಿಯೊಂದಕ್ಕೆ ಮಾರಿದರು. ಹೊಸ ಮಾಲೀಕರ ಮುಖವನ್ನು ನಾವು ಯಾರೂ ನೋಡಿಲ್ಲ. ಸಾಹುಕಾರರಾದರೆ ನನ್ನ ಮಗಳ ಮದುವೆಗೂ ಬಂದವರು. ಇನ್ನು ನಮ್ಮನ್ನು ಕೇಳುವವರು ಯಾರು ಎಂದು ಹೆದರಿದ್ದೆ.

ನಿನಗೆ ನೆನಪಿದೆಯಲ್ಲ, ಪೂಜೆಯ ದಿನ ಅವರು ಲಾಡು ಹಂಚುತ್ತಾ ಒಬ್ಬೊಬ್ಬರ ಕಿವಿಯಲ್ಲಿ ಹೊಸ ಸಂಬಳ ಹೇಳುತ್ತಿದ್ದರು. ಕೈಯಲ್ಲಿ ಪ್ರಸಾದ ಹಿಡಿದು ಯಾರು ಎದುರಾಡುತ್ತಾರೆ? ನೀನೊಬ್ಬ ಎದುರಾಡಿದೆ. "ಜೋರಾಗೇ ಹೇಳಿ ಸಾಹುಕಾರ್ರೇ, ಎಲ್ರಿಗೂ ಕೇಳ್ಲಿ" ಎಂದೆ. ಮರುದಿನ ನಿನ್ನನ್ನು ಗೇಟಿನಲ್ಲೇ ನಿಲ್ಲಿಸಿದರು. ನಾವೆಲ್ಲ ಒಳಗೆ ಹೋದೆವು.

ಇವತ್ತು ಲಾಡು ಹಂಚುತ್ತಿದ್ದ ಮ್ಯಾನೇಜರನ್ನು ಗ್ರೈಂಡಿಂಗ್ ವಿಭಾಗದ ವೀಣಾ ಎಲ್ಲರೆದುರೇ ಕೇಳಿದಳು. "ಸಾರ್, ನಾನೂ ಈ ಗಂಡಸ್ರೂ ಒಂದೇ ಕೆಲ್ಸ ಮಾಡ್ತೀವಿ. ನಂಗ್ಯಾಕೆ ಕಮ್ಮಿ?"

ಮ್ಯಾನೇಜರು ಸಿಟ್ಟಾಗಲಿಲ್ಲ. "ಈ ತಿಂಗ್ಳಿಂದ ಗ್ರೇಡ್ ಪ್ರಕಾರ ಕಣಮ್ಮ, ಒಂದೇ ಕೆಲ್ಸಕ್ಕೆ ಎಲ್ರಿಗೂ ಒಂದೇ ಸಂಬ್ಳ. ಬೋರ್ಡಿಗೆ ಹಾಕಿದೀವಿ, ನೋಡ್ಕೊಳ್ಳಿ" ಎಂದರು.

ಎಲ್ಲರೂ ಬೋರ್ಡಿನತ್ತ ನುಗ್ಗಿದೆವು. ನನ್ನ ಸಂಬಳ ಎಲ್ಲರಿಗೂ ಕಾಣುವ ಹಾಗೆ ಅಲ್ಲಿತ್ತು, ಎಲ್ಲರದೂ ನನಗೆ ಕಂಡಿತು. ಮನಸ್ಸು ಹಗುರವಾಯಿತು ಮಾರಾಯ. ಇಷ್ಟು ವರ್ಷದಲ್ಲಿ ಮೊದಲ ಸಲ ಲಾಡುವಿನ ರುಚಿ ಗೊತ್ತಾಯಿತು.

ಒಂದು ಮಾತು ಬಾಕಿ ಇದೆ. ವೀಣಾ ಬಾಯಿ ತೆರೆದ ಕೂಡಲೇ ನನ್ನ ಕೈ ತಾನಾಗಿಯೇ ಅವಳ ತೋಳಿನತ್ತ ಚಾಚಿತ್ತು, ಅವತ್ತು ನಿನ್ನ ಅಂಗಿ ಹಿಡಿದು ಹಿಂದಕ್ಕೆ ಎಳೆದ ಹಾಗೆಯೇ. ಈ ಸಲ ಆ ಕೈಯನ್ನು ಜೇಬಿನೊಳಗೆ ಇಟ್ಟುಕೊಂಡೆ.

ಷಡಕ್ಷರಪ್ಪ